ಚಿರಸ್ಮರಣೆ: ಪಾತ್ರ, ಸಂಕೇತ, ಇಸವಿ

1. ಕಾದಂಬರಿಯ ಲೇಖಕ: ನಿರಂಜನ (ಕುಳಕುಂದ ಶಿವರಾಯ). ಪ್ರಕಟಣೆ 1955.

2. ವಸ್ತು: ಕಾಸರಗೋಡು ಭಾಗದ ಕಯ್ಯೂರಿನ ರೈತ ಹೋರಾಟ, ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಎದುರಾಳಿಗಳು ಇಬ್ಬರು: ಜಮೀನ್ದಾರ, ಅವನ ಬೆನ್ನಿಗಿದ್ದ ಬ್ರಿಟಿಷ್ ಪೊಲೀಸ್. ಪರೀಕ್ಷೆಯಲ್ಲಿ ಒಬ್ಬರನ್ನೇ ಬರೆದರೆ ಉತ್ತರ ಅಪೂರ್ಣ.

3. ಪಾತ್ರಗಳು:
- ಅಪ್ಪು, ಚಿರುಕಂಡ: ಶಾಲಾ ಹುಡುಗರಾಗಿ ಬಂದು ಹೋರಾಟಗಾರರಾಗುವವರು, ಎಚ್ಚೆತ್ತ ರೈತ ಯುವಕರ ಪ್ರತೀಕ.
- ಮಾಸ್ತರು: ಅಕ್ಷರದ ಜೊತೆ ಹಕ್ಕಿನ ಅರಿವನ್ನೂ ಕೊಡುವವರು. ಕಾದಂಬರಿಯ ಜೀವಾಳ ಈ ಪಾತ್ರವೇ. ವಿವರಣಾತ್ಮಕ ಉತ್ತರದಲ್ಲಿ ಬಿಡಲೇಬಾರದು.
- ತೇಜಸ್ವಿನಿ ನದಿ: ಘಟನೆಗಳ ಸಾಕ್ಷಿ, ಹೋರಾಟದ ನಿರಂತರತೆಯ ಸಂಕೇತ.

4. ಗೊಂದಲವಾಗುವ ಇಸವಿಗಳು: ಕಯ್ಯೂರಿನ ಘಟನೆ 1941ರ ಮಾರ್ಚ್, ಗಲ್ಲು 29 ಮಾರ್ಚ್ 1943, ಕಣ್ಣೂರು ಜೈಲು. ಗಲ್ಲಿಗೇರಿದವರು ನಾಲ್ವರು: ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್. ಗಲ್ಲು ಶಿಕ್ಷೆಯಾಗಿದ್ದ ಐದನೆಯವನು ಅಪ್ರಾಪ್ತ ವಯಸ್ಕನೆಂದು ಉಳಿದ.

5. ನಿರಂಜನರದೇ ‘ಮೃತ್ಯುಂಜಯ’ ಬೇರೆ. ಅದು ಪ್ರಾಚೀನ ಈಜಿಪ್ಟಿನ ಕಥೆ.

6. ಹೋಲಿಕೆ: ಫಿಲಿಪ್ಪೀನ್ಸ್‌ನ ಹೊಸೆ ರಿಸಾಲ್ ಅವರ ಕಾದಂಬರಿ ‘ನೋಲಿ ಮೆ ತಾಂಗೆರೆ’ (1887, ಸ್ಪ್ಯಾನಿಷ್ ಭಾಷೆ). ಅಲ್ಲಿ ಯುರೋಪಿನಲ್ಲಿ ಓದಿ ಬಂದ ಇಬಾರಾ ನಾಯಕ, ನೊಂದ ತಾಯಿ ಸಿಸಾ ನಾಡಿನ ಸಂಕೇತ. ಇಲ್ಲಿ ಇಡೀ ಊರೇ ನಾಯಕ. ಕಯ್ಯೂರಿನಲ್ಲಿ ಗಲ್ಲಿಗೇರಿದವರು ಹೋರಾಟಗಾರರು; ಅಲ್ಲಿ 1896ರಲ್ಲಿ ಮರಣದಂಡನೆಗೆ ಗುರಿಯಾದದ್ದು ಸ್ವತಃ ಲೇಖಕ ರಿಸಾಲ್.