ಹಸುಗೂಸಿಗೆ ಮೊದಲ ದಿನವೇ ಸೂಜಿ ಯಾಕೆ?

ಉಯ್ಯಂಬಳ್ಳಿ ಹೋಬಳಿಯಲ್ಲಿ ಹೊಸದಾಗಿ ಆಶಾ ಕೆಲಸಕ್ಕೆ ಸೇರಿದವರನ್ನು ಬಾಣಂತಿ ಮನೆಯ ಅಜ್ಜಿ ಕೇಳಿಯೇ ಕೇಳುತ್ತಾರೆ: ‘ಇನ್ನೂ ಸರ್ಯಾಗಿ ಕಣ್ಣೇ ಬುಟ್ಟಿಲ್ಲ ಮಗ, ಇಷ್ಟ್ ಬೇಗ ಸೂಜಿ ಯಾಕವ್ವ?’ ನ್ಯಾಯವಾದ ಪ್ರಶ್ನೆ. ಸಮಾಧಾನವಾಗಿ ಉತ್ತರ ಹೇಳಬೇಕು.

ಹಸುಗೂಸಿಗೆ ರೋಗ ತಡೆಯುವ ಶಕ್ತಿಯೇ ಇಲ್ಲ ಅನ್ನುವುದು ತಪ್ಪು. ಬಿಳಿ ರಕ್ತಕಣಗಳು ಹುಟ್ಟುವಾಗಲೇ ಇರುತ್ತವೆ. ಆದರೆ ತಾಯಿಯ ಒಡಲಲ್ಲಿ ಕೆರಳದೆ ಸುಮ್ಮನಿದ್ದ ಅವು ಹೊರಗೆ ಬಂದ ಮೇಲೂ ಕೆಲಕಾಲ ತಡೆದು ತಡೆದು ಕೆಲಸ ಮಾಡುತ್ತವೆ. ವೈರಸ್ ಹೊಕ್ಕಾಗ ಅಕ್ಕಪಕ್ಕದ ಜೀವಕೋಶಗಳನ್ನು ಎಚ್ಚರಿಸುವ ಇಂಟರ್ಫೆರಾನ್ ಕೂಡ ದೊಡ್ಡವರಲ್ಲಿ ಬರುವಷ್ಟು ಬರುವುದಿಲ್ಲ.

ಆ ಹೊತ್ತಿಗೆ ಆಸರೆ, ತಾಯಿ ಕಟ್ಟಿಕೊಟ್ಟ ಬುತ್ತಿ. ಐಜಿಜಿ ಎಂಬ ಪ್ರತಿಕಾಯಗಳು ಮಾಸಿನ ಮೂಲಕ ಕೂಸಿನ ರಕ್ತಕ್ಕೆ ಸೇರುತ್ತವೆ. ಹೆಚ್ಚಿನ ಪಾಲು ಸೇರುವುದು ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬದೆ ಹುಟ್ಟಿದ ಕೂಸಿಗೆ ಅದು ಸಾಲುವುದಿಲ್ಲ. ಮೊದಲ ದಿನಗಳ ಹಳದಿ ಗಿಣ್ಣುಹಾಲಿನ ಐಜಿಎ ಕರುಳಿನ ಒಳಪದರದಲ್ಲೇ ವೈರಸ್ಸನ್ನು ತಡೆಯುತ್ತದೆ. ಇಂಥ ಹಾಲನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರು, ಜೇನು ನೆಕ್ಕಿಸುತ್ತಾರಲ್ಲ, ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಾಯಿಯ ಐಜಿಜಿ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಆರು ತಿಂಗಳಿಗೆ ಬಹುಪಾಲು ತೀರಿಹೋಗುತ್ತದೆ. ಇದ್ದಷ್ಟು ದಿನ ದಡಾರ ಲಸಿಕೆಯಲ್ಲಿರುವ ಬಲಗುಂದಿಸಿದ ವೈರಸ್ಸನ್ನೂ ಅದು ಹೊಡೆದುಹಾಕಬಲ್ಲದು. ದಡಾರ-ರುಬೆಲ್ಲಾ ಲಸಿಕೆಗೆ 9 ತಿಂಗಳು ತುಂಬಲಿ ಎಂದು ಕಾಯುವುದು ಅದಕ್ಕೇ.

ಹೆಪಟೈಟಿಸ್ ಬಿ ಹಾಗೆ ಕಾಯಲು ಬಿಡುವುದಿಲ್ಲ. ತಾಯಿಯ ರಕ್ತದಲ್ಲಿ ಆ ವೈರಸ್ ಇದ್ದರೆ ಹೆರಿಗೆಯ ಹೊತ್ತಿನಲ್ಲೇ ಕೂಸಿಗೆ ಅಂಟಬಹುದು. ದೊಡ್ಡವರಿಗೆ ಅಂಟಿದರೆ 100ರಲ್ಲಿ 5ಕ್ಕಿಂತ ಕಡಿಮೆ ಜನರಲ್ಲಿ ಅದು ಬೇರೂರುತ್ತದೆ. ಹುಟ್ಟುವಾಗ ಅಂಟಿದ ಕೂಸುಗಳಲ್ಲಿ ಸುಮಾರು 90ರಲ್ಲಿ! ಕೂಸಿನ ಮೈ ಅದನ್ನು ಹೊರಗಿನದೆಂದು ಓಡಿಸದೆ ಸಹಿಸಿಕೊಂಡುಬಿಡುತ್ತದೆ. ವೈರಸ್ ವರ್ಷಗಟ್ಟಲೆ ಯಕೃತ್ತಿನಲ್ಲಿ ಉಳಿದು ಮುಂದೆ ಅದನ್ನು ಹಾಳುಮಾಡಬಹುದು. ಹುಟ್ಟಿದ 24 ಗಂಟೆಯೊಳಗೆ ಸೂಜಿ ಬಿದ್ದರೆ ಕೂಸಿನ ಮೈ ತಾನೇ ಪ್ರತಿಕಾಯ ಕಟ್ಟತೊಡಗುತ್ತದೆ. ಅಜ್ಜಿಗೆ ಇಷ್ಟನ್ನು ಹೇಳಿ, ತಾಯಿ ಕಾರ್ಡಿನಲ್ಲಿ ಆ ಡೋಸ್ ಬರೆದಿದೆಯೇ ನೋಡಿ.

ಎರಡು ತಿಂಗಳೊಳಗಿನ ಕೂಸಿಗೆ ಸೋಂಕು ತಗುಲಿದರೂ ಜ್ವರ ಬಾರದೇ ಇರಬಹುದು. ಮೊಲೆ ಹಿಡಿಯದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರಾಡುವಾಗ ಪಕ್ಕೆ ಸೆಳೆದರೆ, ಬಜೆ ತೇಯುತ್ತಾ ಕೂರಲು ಬಿಡಬೇಡಿ. 108ಕ್ಕೆ ಫೋನ್ ಮಾಡಿಸಿ ಕನಕಪುರದ ಆಸ್ಪತ್ರೆಗೆ ಹೊರಡಿಸಿ.