ತುತ್ತಿನ ತೂಕ

ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಲ್ಲಿಂದ ಪ್ರೌಢಶಾಲೆಗೆ ಮೂರು ಕಿಲೋಮೀಟರ್ ದಾರಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಈ ದಾರಿಯನ್ನು ನಡೆದು ಬರುತ್ತಾಳೆ. ಮೊದಲನೆಯ ಪಾಠ ಮುಗಿಯುವ ಹೊತ್ತಿಗೇ ಅವಳ ಕಣ್ಣು ಮಂಜಾಗುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ಒಮ್ಮೆ ತಲೆ ಸುತ್ತಿ ಬಿದ್ದದ್ದೂ ಉಂಟು. ಮನೆಯವರು ಅದನ್ನು ದೃಷ್ಟಿ ಎಂದರು, ಗೆಳತಿಯರು ಸೋಮಾರಿತನ ಎಂದರು. ಅವಳು ಬೆಳಿಗ್ಗೆ ಏನು ತಿಂದು ಬಂದಿದ್ದಳೆಂದು ಮಾತ್ರ ಯಾರೂ ಕೇಳಲಿಲ್ಲ.

ಉಂಡ ಅನ್ನ ದೇಹದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಹಳೆಯದು. ಅದಕ್ಕೆ ಅಳತೆಯ ಉತ್ತರ ದೊರೆತದ್ದು ಈಚೆಗೆ. 1780ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲವಾಸಿಯೇ ಎಂಬ ವಿಜ್ಞಾನಿಯು ತನ್ನ ಮಿತ್ರ ಲಪ್ಲಾಸನೊಡನೆ ಸೇರಿ, ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಒಂದು ಗಿನಿಯಿಲಿಯನ್ನು ಇರಿಸಿದನು. ಇಲಿಯ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂಬುದನ್ನು ಅಳೆದನು. ಉಸಿರಾಟವೆಂದರೆ ನಿಧಾನವಾಗಿ ನಡೆಯುವ ಒಂದು ಬಗೆಯ ದಹನವೇ ಎಂಬ ನಿರ್ಣಯಕ್ಕೆ ಅವನು ಬಂದನು. ಜಠರಾಗ್ನಿ ಎಂಬ ಮಾತನ್ನು ನಮ್ಮವರು ಬಹಳ ಹಿಂದಿನಿಂದಲೂ ಆಡುತ್ತಿದ್ದರು ನಿಜ; ಆದರೆ ಆ ಅಗ್ನಿಯನ್ನು ಅಳೆಯುವ ಗೋಜಿಗೆ ಅವರು ಹೋಗಿರಲಿಲ್ಲ.

ಸುಮಾರು ನೂರು ವರ್ಷಗಳ ತರುವಾಯ ಅಮೆರಿಕದ ಅಟ್‌ವಾಟರ್ ಎಂಬ ಪ್ರಾಧ್ಯಾಪಕರು ಮನುಷ್ಯನೇ ವಾಸಿಸಬಲ್ಲ ಒಂದು ಪುಟ್ಟ ಕೋಣೆಯನ್ನು ಕಟ್ಟಿಸಿದರು. ಒಳಗಿದ್ದವನು ದಿನಗಟ್ಟಲೆ ಅಲ್ಲಿಯೇ ಉಣ್ಣಬೇಕು, ಮಲಗಬೇಕು, ಕೆಲವೊಮ್ಮೆ ಸೈಕಲ್ಲಿನ ಪೆಡಲನ್ನೂ ತುಳಿಯಬೇಕು. ಅವನ ಮೈಯಿಂದ ಹೊರಟ ಶಾಖವನ್ನೂ ಅವನು ತಿಂದ ಆಹಾರವನ್ನೂ ತಾಳೆ ನೋಡಿದರು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲೊರಿ. ಒಂದು ಗ್ರಾಂ ಪಿಷ್ಟದಿಂದ ನಾಲ್ಕು, ಒಂದು ಗ್ರಾಂ ಪ್ರೋಟೀನಿನಿಂದ ನಾಲ್ಕು, ಒಂದು ಗ್ರಾಂ ಕೊಬ್ಬಿನಿಂದ ಒಂಬತ್ತು ಕಿಲೋಕ್ಯಾಲೊರಿ ದೊರೆಯುತ್ತವೆ ಎಂಬ ಅಂಕಿಗಳು ಅವರ ಸಂಶೋಧನೆಯ ಫಲ. ಅವು ಇಂದಿಗೂ ಬಳಕೆಯಲ್ಲಿವೆ.

ದೇಹವು ಮಲಗಿದ್ದಾಗಲೂ ಬಿಡುವಿಲ್ಲದೆ ದುಡಿಯುತ್ತದೆ. ಹೃದಯ ಬಡಿಯಬೇಕು, ಶ್ವಾಸಕೋಶ ಹಿಗ್ಗಿ ಕುಗ್ಗಬೇಕು, ಮೈ ಬೆಚ್ಚಗಿರಬೇಕು. ಇದಕ್ಕೆ ತಗಲುವ ಶಕ್ತಿಯನ್ನು ಅಂದಾಜು ಮಾಡಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಾರ ಸಂಸ್ಥೆಗಳು 1985ರಲ್ಲಿ ಪ್ರಕಟಿಸಿದ ಸೂತ್ರವೊಂದಿದೆ. ಹತ್ತರಿಂದ ಹದಿನೆಂಟು ವರ್ಷದೊಳಗಿನ ಹುಡುಗಿಯರಿಗೆ ಮೈತೂಕದ ಕಿಲೋಗ್ರಾಂ ಸಂಖ್ಯೆಯನ್ನು 12.2ರಿಂದ ಗುಣಿಸಿ 746 ಕೂಡಿಸಬೇಕು, ಹುಡುಗರಿಗೆ 17.5ರಿಂದ ಗುಣಿಸಿ 651 ಕೂಡಿಸಬೇಕು. ನಮ್ಮ ಹುಡುಗಿಯ ತೂಕ 40 ಕಿಲೋಗ್ರಾಂ. ಎಂದರೆ ಹಾಸಿಗೆ ಬಿಟ್ಟೇಳದೆ ಬಿದ್ದುಕೊಂಡಿದ್ದರೂ ಅವಳಿಗೆ ದಿನಕ್ಕೆ 1234 ಕಿಲೋಕ್ಯಾಲೊರಿ ಬೇಕು. ಆದರೆ ಅವಳು ಆರು ಕಿಲೋಮೀಟರ್ ನಡೆಯುತ್ತಾಳೆ, ನೀರು ಹೊರುತ್ತಾಳೆ, ಅಂಗಳ ಗುಡಿಸುತ್ತಾಳೆ. ಮೇಲಾಗಿ ಬೆಳೆಯುವ ವಯಸ್ಸು. ಇಂಥವರಿಗೆ ಆ ಸಂಖ್ಯೆಯ ಒಂದೂ ಮುಕ್ಕಾಲು ಪಟ್ಟು, ಸುಮಾರು 2150, ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯು 13ರಿಂದ 15 ವರ್ಷದ ಹುಡುಗಿಗೆ 2400 ಎಂದೂ ಅದೇ ವಯಸ್ಸಿನ ಹುಡುಗನಿಗೆ 2860 ಎಂದೂ ಹೇಳುತ್ತದೆ. ಇವೆಲ್ಲ ಅಂದಾಜುಗಳೇ, ದೇಹವು ತಕ್ಕಡಿಯಲ್ಲ. ಆದರೂ ಅಂದಾಜಿಲ್ಲದ ಸಂಸಾರಕ್ಕಿಂತ ಅಂದಾಜಿರುವ ಸಂಸಾರ ಲೇಸು.

ವಿಜ್ಞಾನದ ಶಿಕ್ಷಕಿಯು ಒಂದು ದಿನದ ಊಟವನ್ನು ಬರೆದು ತರಲು ಹೇಳಿದಾಗ ಹುಡುಗಿ ಬರೆದದ್ದು ಇಷ್ಟು. ಬೆಳಿಗ್ಗೆ ಒಂದು ಲೋಟ ಚಹಾ, ನಾಲ್ಕು ಬಿಸ್ಕತ್ತು. ಮಧ್ಯಾಹ್ನ ಶಾಲೆಯಲ್ಲಿ ಅನ್ನ, ಬೇಳೆಸಾರು. ಸಂಜೆ ಅಂಗಡಿಯ ಕುರುಕಲು ಒಂದು ಪೊಟ್ಟಣ. ರಾತ್ರಿ ಎಲ್ಲರೂ ಉಂಡ ಮೇಲೆ ಉಳಿದ ಅನ್ನ, ತಿಳಿಸಾರು. ಶಿಕ್ಷಕಿಯು ಅಂಕಿ ಹಾಕಿದರು: ಬೆಳಿಗ್ಗೆ 160, ಮಧ್ಯಾಹ್ನ 700, ಸಂಜೆ 160, ರಾತ್ರಿ 330. ಒಟ್ಟು 1350. ಮಲಗಿದ್ದವಳಿಗೆ ಬೇಕಾದುದಕ್ಕಿಂತ 116 ಮಾತ್ರ ಹೆಚ್ಚು! ನಡೆದ ದಾರಿಗೆ, ಹೊತ್ತ ಕೊಡಕ್ಕೆ, ಓದಿದ ಪಾಠಕ್ಕೆ, ಬೆಳೆಯಬೇಕಾದ ಮೂಳೆಗೆ ಅಷ್ಟರಲ್ಲಿಯೇ ಪಾಲು. ತಲೆ ಸುತ್ತಿದ್ದರಲ್ಲಿ ದೃಷ್ಟಿಯ ಕೈವಾಡ ಹುಡುಕಬೇಕಾಗಿರಲಿಲ್ಲ.

ಹೊಟ್ಟೆ ತುಂಬಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೇ? ಇಲ್ಲ. 1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಭಾರತದ ಬೇರೆ ಬೇರೆ ಪ್ರಾಂತಗಳ ಜನರ ಊಟವನ್ನು ಒಂದೊಂದು ಗುಂಪಿಗೆ ಉಣಿಸಿದರು. ಇಡೀ ಗೋಧಿಯ ರೊಟ್ಟಿ, ಹಾಲು, ಬೇಳೆ, ತರಕಾರಿಗಳ ಸಿಖ್ಖರ ಊಟವನ್ನು ಉಂಡ ಇಲಿಗಳು ದುಂಡಗೆ ಬೆಳೆದವು. ಬಿಳಿ ಅಕ್ಕಿಯನ್ನೇ ನೆಚ್ಚಿದ ದಕ್ಷಿಣದ ಊಟದ ಇಲಿಗಳು ಸೊರಗಿದವು. ಕೂನೂರಿನ ಆ ಪ್ರಯೋಗಶಾಲೆಯೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಕ್ಕಿ ಅಪರಾಧಿಯಲ್ಲ, ಅದರ ತೌಡನ್ನು ಕಳೆದು, ಗಂಜಿಯನ್ನು ಬಸಿದು ಚೆಲ್ಲಿ, ಜೊತೆಗೆ ಏನನ್ನೂ ಬಡಿಸದ ನಮ್ಮ ಅಭ್ಯಾಸ ಅಪರಾಧಿ.

ಅಕ್ಕಿ ರಾಗಿಗಳ ವಾದ ಕನ್ನಡಿಗರಿಗೆ ಹೊಸದಲ್ಲ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ವ್ರೀಹಿಗೂ ನರೆದಲೆಗನಿಗೂ ಜಗಳವಾಗಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ; ಕೆಡದೆ ಉಳಿದ ರಾಗಿಯೇ ಗೆಲ್ಲುತ್ತದೆ. ಅಲ್ಲಿ ಗೆದ್ದದ್ದು ಬಾಳಿಕೆಯ ಬಲದಿಂದ. ಇಂದಿನ ಪ್ರಯೋಗಶಾಲೆಯ ತೀರ್ಪು ಇನ್ನೊಂದು ಬಗೆಯದು. ಶಕ್ತಿಯ ಲೆಕ್ಕದಲ್ಲಿ ನೂರು ಗ್ರಾಂ ಬಿಳಿ ಅಕ್ಕಿ 356 ಕಿಲೋಕ್ಯಾಲೊರಿ ನೀಡಿದರೆ ರಾಗಿ 320 ಮಾತ್ರ ನೀಡುತ್ತದೆ. ಇಲ್ಲಿ ಅಕ್ಕಿಗೇ ಜಯ. ಆದರೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಅಕ್ಕಿಯಲ್ಲಿ ಎಂಟು ಮಿಲಿಗ್ರಾಮಿಗೂ ಕಡಿಮೆ, ರಾಗಿಯಲ್ಲಿ 364! ಹುಡುಗಿಯ ಎಲುಬುಗಳಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಒಂದು ಮುದ್ದೆ ಅದರ ಮೂರನೆಯ ಒಂದು ಭಾಗಕ್ಕೂ ಮಿಗಿಲಾಗಿ ಒದಗಿಸುತ್ತದೆ. ಇನ್ನು ಧಾನ್ಯದಲ್ಲಿ ಕೊರತೆಯಾದ ಲೈಸೀನ್ ಎಂಬ ಅಂಶ ಹುರುಳಿ, ಅವರೆ, ತೊಗರಿಗಳಲ್ಲಿ ಹೇರಳ. ಕಾಳುಗಳಲ್ಲಿ ಕಡಿಮೆಯಾದುದು ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿಸಾರನ್ನು ಜೋಡಿ ಮಾಡಿದ ಅಜ್ಜಿಯಂದಿರಿಗೆ ಈ ಹೆಸರುಗಳು ತಿಳಿದಿರಲಿಲ್ಲ, ಜೋಡಿ ತಿಳಿದಿತ್ತು.

ಕಬ್ಬಿಣದ ಅಂಶದ ಮಾತು ಬೇರೆಯೇ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಸೊಪ್ಪು, ಕಾಳು, ಮೊಟ್ಟೆ, ಮಾಂಸ ಇವು ಅನುಕೂಲವಿದ್ದಂತೆ ಬೇಕು. ಊಟದ ಜೊತೆಗೆ ಕುಡಿದ ಚಹಾ ಸೊಪ್ಪುಕಾಳುಗಳ ಕಬ್ಬಿಣವು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಹಿಂಡಿದ ನಿಂಬೆಹಣ್ಣು ಅದಕ್ಕೆ ನೆರವಾಗುತ್ತದೆ. ಕುಳಿತಲ್ಲಿಯೇ ಕುಳಿತು ಎಣ್ಣೆತಿಂಡಿ ಮೆಲ್ಲುವ ಪೇಟೆಯ ಹುಡುಗನ ಲೆಕ್ಕ ಇನ್ನೊಂದು ದಿಕ್ಕಿಗೆ ತಪ್ಪುತ್ತದೆ. ಉಳಿಕೆಯೆಲ್ಲ ಅವನ ಮೈಯಲ್ಲಿ ಬೊಜ್ಜಾಗಿ ಕೂಡುತ್ತದೆ.

ಹುಡುಗಿಯು ಪುಸ್ತಕವನ್ನು ಮನೆಗೆ ಒಯ್ದಳು. ತಾಯಿಗೆ ಓದಲು ಬಾರದು; ಮಗಳೇ ಓದಿ ಹೇಳಿದಳು.

“ಇಷ್ಟೇಯಾ ಮಗಾ ನೀನು ಉಂಡಿದ್ದು?” ಎಂದಳು ತಾಯಿ.

ಮರುದಿನದಿಂದ ಚಹಾದ ಬದಲು ಬೆಳಿಗ್ಗೆ ಒಂದು ಮುದ್ದೆ, ಹುರುಳಿಸಾರು. ಸಂಜೆ ಪೊಟ್ಟಣದ ಬದಲು ಒಂದು ಹಿಡಿ ಕಡಲೆಕಾಯಿ, ಒಂದು ಚೂರು ಬೆಲ್ಲ. ಖರ್ಚು ಹೆಚ್ಚಾಗಲಿಲ್ಲ. ಕಷ್ಟವಾದದ್ದು ರಾತ್ರಿಯ ಊಟ. ಅಲ್ಲಿ ಬದಲಾಗಬೇಕಾದುದು ಅಡುಗೆಯಲ್ಲ, ಬಡಿಸುವ ಸರದಿ. ಹುಡುಗಿಯು ಅದೇ ಹಾಳೆಯ ಹಿಂಬದಿಯಲ್ಲಿ ತಾಯಿಯ ಊಟವನ್ನೂ ಬರೆದು ಕೂಡಿಸಿದಳು. ಕಳೆಯೆತ್ತಿ, ಸೌದೆ ಹೊತ್ತು, ಕೊನೆಯಲ್ಲಿ ಉಣ್ಣುವ ಅವಳ ಮೊತ್ತ ಮಗಳದಕ್ಕಿಂತಲೂ ಕಡಿಮೆಯಾಗಿತ್ತು. ಆ ಸಂಖ್ಯೆಯನ್ನು ಅವಳು ತಂದೆಗೆ ಓದಿ ಹೇಳಿದಳು. ತಂದೆಯು ಬಹಳ ಹೊತ್ತು ಮಾತನಾಡಲಿಲ್ಲ. ಅಂದಿನ ರಾತ್ರಿ ಆ ಮನೆಯಲ್ಲಿ ನಾಲ್ಕು ತಟ್ಟೆಗಳು ಒಟ್ಟಿಗೆ ಹರಡಿದವು.