ವಿಕಲಚೇತನರ ಸೇವಾ ಸಂಸ್ಥೆಗಳ ನಾಯಕತ್ವ: ಒಂದು ಅಧ್ಯಯನ

ನಮ್ಮ ಸದಸ್ಯರಲ್ಲಿ ಅನೇಕರು ತಮ್ಮ ವ್ಯಾಪಾರ ಉದ್ದಿಮೆಗಳ ಜೊತೆಗೆ ಒಂದಿಲ್ಲೊಂದು ಸೇವಾ ಸಂಸ್ಥೆಯ ಧರ್ಮದರ್ಶಿಗಳಾಗಿ, ಖಜಾಂಚಿಗಳಾಗಿ ಅಥವಾ ಪೋಷಕರಾಗಿ ಕಾರ್ಯನಿರ್ವಹಿಸುತ್ತಿದ್ದಾರೆ. ಅಂಧರ ಶಾಲೆ, ಶ್ರವಣದೋಷವುಳ್ಳ ಮಕ್ಕಳ ವಸತಿಗೃಹ, ಬುದ್ಧಿಮಾಂದ್ಯ ಮಕ್ಕಳ ತರಬೇತಿ ಕೇಂದ್ರ, ಕೃತಕ ಅವಯವಗಳ ಶಿಬಿರ ಮುಂತಾದ ಕಾರ್ಯಗಳಿಗೆ ವರ್ತಕ ಸಮುದಾಯವು ಉದಾರವಾಗಿ ನೆರವು ನೀಡುತ್ತ ಬಂದಿದೆ. ಆದರೆ ಹಣ ನೀಡುವುದು ಬೇರೆ, ಸಂಸ್ಥೆಯೊಂದನ್ನು ಮುನ್ನಡೆಸುವುದು ಬೇರೆ. ಈ ಎರಡನೆಯ ಹೊಣೆಯ ಸ್ವರೂಪವೇನು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

ಒಂದು ಸ್ವಾನುಭವ

ಈ ಲೇಖಕನು ಜಿಲ್ಲಾ ಕೇಂದ್ರವೊಂದರಲ್ಲಿ ಶ್ರವಣದೋಷವುಳ್ಳ ಮಕ್ಕಳ ವಸತಿ ಶಾಲೆಯೊಂದರ ಖಜಾಂಚಿಯಾಗಿ ಎಂಟು ವರ್ಷ ಸೇವೆ ಸಲ್ಲಿಸಿದ್ದಾನೆ. ಶಾಲೆಯನ್ನು ಸ್ಥಾಪಿಸಿದ ಮಹನೀಯರೇ ಅದರ ಕಾರ್ಯದರ್ಶಿಗಳೂ ಆಗಿದ್ದರು. ಮಕ್ಕಳ ದಾಖಲಾತಿಯಿಂದ ಹಿಡಿದು ಅಡುಗೆಮನೆಯ ದಿನಸಿಯವರೆಗೆ ಎಲ್ಲವೂ ಅವರ ಕೈಯಲ್ಲಿತ್ತು. ಒಂದು ದಿನ ಅವರಿಗೆ ಪಾರ್ಶ್ವವಾಯು ತಗುಲಿತು. ಚೆಕ್ಕಿಗೆ ಕಾರ್ಯದರ್ಶಿ ಹಾಗೂ ಖಜಾಂಚಿ ಇಬ್ಬರ ಸಹಿಯೂ ಅಗತ್ಯವಾಗಿತ್ತು; ಪರ್ಯಾಯ ಸಹಿದಾರರನ್ನು ನಾವು ನೇಮಿಸಿರಲಿಲ್ಲ. ಬ್ಯಾಂಕಿನವರು ಆಡಳಿತ ಮಂಡಳಿಯ ನಿರ್ಣಯವನ್ನೂ, ನೋಂದಣಾಧಿಕಾರಿಗಳಿಗೆ ಸಲ್ಲಿಸಿದ ಪದಾಧಿಕಾರಿಗಳ ಪಟ್ಟಿಯನ್ನೂ ಕೇಳಿದರು. ಮೂರು ವರ್ಷಗಳಿಂದ ಆ ಪಟ್ಟಿಯನ್ನು ಸಲ್ಲಿಸಿಯೇ ಇರಲಿಲ್ಲ. ಖಾತೆಯಲ್ಲಿ ಹಣವಿದ್ದೂ ಎರಡು ತಿಂಗಳು ಶಿಕ್ಷಕರಿಗೆ ಸಂಬಳವಾಗಲಿಲ್ಲ. ದಿನಸಿ ಅಂಗಡಿಯವರು ಕಡ ಕೊಟ್ಟಿದ್ದರಿಂದ ಮಕ್ಕಳ ಊಟ ನಿಲ್ಲಲಿಲ್ಲ.

ಪ್ರತಿ ವರ್ಷ ಲೆಕ್ಕಪರಿಶೋಧಿತ ಅಢಾವೆ ಪತ್ರಿಕೆಗೆ ಸಹಿ ಹಾಕಿದವನು ನಾನೇ. ನನ್ನ ಸ್ವಂತ ಅಂಗಡಿಯಲ್ಲಾಗಿದ್ದರೆ ಇಂತಹ ಲೋಪವನ್ನು ಒಂದು ದಿನವೂ ಸಹಿಸುತ್ತಿರಲಿಲ್ಲ. ಸೇವಾ ಸಂಸ್ಥೆಯೆಂಬ ಗೌರವದಿಂದ ಪ್ರಶ್ನೆ ಕೇಳದೆ ಉಳಿದದ್ದು ಸೌಜನ್ಯವಲ್ಲ, ಕರ್ತವ್ಯಲೋಪ ಎಂಬುದು ಆಗ ಅರಿವಾಯಿತು.

ಶಾಲೆಯನ್ನು ಮುಂದುವರಿಸುವುದೋ ಮುಚ್ಚುವುದೋ ಎಂದು ಚರ್ಚಿಸಲು ಕರೆದ ತುರ್ತು ಸಭೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಬಂದರು. ಅವರು ಹೊಲಿಗೆ ವೃತ್ತಿಯವರು. ಸಂಜ್ಞಾಭಾಷೆ ಬಲ್ಲ ಶಿಕ್ಷಕಿಯೊಬ್ಬರ ಮೂಲಕ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಶಾಲೆಯ ಬಗ್ಗೆ ನೀವು ಒಂಬತ್ತು ಮಂದಿ ತೀರ್ಮಾನ ಮಾಡುತ್ತಿದ್ದೀರಿ. ನಿಮ್ಮಲ್ಲಿ ಕಿವುಡರು ಎಷ್ಟು ಮಂದಿ?" ಉತ್ತರ ಕೊಡಲು ಯಾರಿಗೂ ಬಾಯಿ ಬರಲಿಲ್ಲ.

ವ್ಯಾಪಾರಕ್ಕೂ ಸೇವೆಗೂ ಇರುವ ಮುಖ್ಯ ಅಂತರ

ಅಂಗಡಿಯಲ್ಲಿ ಹಣ ಕೊಡುವವನೂ ಸರಕು ಪಡೆಯುವವನೂ ಒಬ್ಬನೇ. ಸರಕು ಹಿಡಿಸದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ವ್ಯಾಪಾರಿಗೆ ತನ್ನ ತಪ್ಪು ಅಂದೇ ತಿಳಿಯುತ್ತದೆ. ಸೇವಾ ಸಂಸ್ಥೆಯಲ್ಲಿ ಹಣ ಕೊಡುವವರು ದಾನಿಗಳು, ಸರ್ಕಾರ ಅಥವಾ ಕಂಪನಿಗಳು. ಸೇವೆ ಪಡೆಯುವವರು ಬೇರೆಯವರು. ಸೇವೆ ಕಳಪೆಯಾದರೂ ಅವರಿಗೆ ಹೋಗಲು ಬೇರೆ ಜಾಗವಿರುವುದಿಲ್ಲ. ಆದ್ದರಿಂದ ನಾಯಕರ ಗಮನ ತಮಗರಿಯದಂತೆಯೇ ದಾನಿಗಳ ಕಡೆಗೆ ವಾಲುತ್ತದೆ. ಗಾಲಿಕುರ್ಚಿ ವಿತರಣೆಯ ಛಾಯಾಚಿತ್ರ ತಪ್ಪದೆ ತೆಗೆಯಲಾಗುತ್ತದೆ. ಆರು ತಿಂಗಳ ಬಳಿಕ ಆ ಕುರ್ಚಿಯ ಚಕ್ರ ತಿರುಗುತ್ತಿದೆಯೇ ಎಂದು ನೋಡುವವರಿರುವುದಿಲ್ಲ. ಮಾರುಕಟ್ಟೆ ತಾನಾಗಿಯೇ ಕೊಡುವ ಎಚ್ಚರಿಕೆಯನ್ನು ಇಲ್ಲಿ ನಾಯಕತ್ವವೇ ಉದ್ದೇಶಪೂರ್ವಕವಾಗಿ ನಿರ್ಮಿಸಿಕೊಳ್ಳಬೇಕಾಗುತ್ತದೆ. ಇದೇ ಈ ಪಾಠದ ಮೂಲಸೂತ್ರ.

ಜೈಪುರದ ನಿದರ್ಶನ: ವ್ಯವಸ್ಥೆಯೇ ಸೇವೆ

ಜೈಪುರ ಕಾಲಿನ ಹೆಸರು ಕೇಳದವರು ವಿರಳ. ಕುಶಲಕರ್ಮಿ ರಾಮಚಂದ್ರ ಶರ್ಮಾ ಹಾಗೂ ಮೂಳೆ ತಜ್ಞ ಡಾ. ಪಿ. ಕೆ. ಸೇಥಿ ಅವರ ಪರಿಶ್ರಮದಿಂದ 1968ರ ಸುಮಾರಿಗೆ ಇದು ರೂಪುಗೊಂಡಿತು. ರಬ್ಬರ್ ಬಳಸಿ ತಯಾರಿಸಿದ ಈ ಪಾದದಿಂದ ಬರಿಗಾಲಿನಲ್ಲಿ ನಡೆಯಬಹುದು, ಕುಕ್ಕರಗಾಲಿನಲ್ಲಿ ಕೂರಬಹುದು. ನಮ್ಮ ರೈತನ ಜೀವನಕ್ರಮಕ್ಕೆ ಅದು ಹೊಂದುವಂತಹುದು. ಡಾ. ಸೇಥಿ ಅವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಆದರೆ ಆವಿಷ್ಕಾರವಾದ ಮಾತ್ರಕ್ಕೆ ಅದು ಬಡವರನ್ನು ತಲುಪಲಿಲ್ಲ. ಮೊದಲ ವರ್ಷಗಳಲ್ಲಿ ಅದರ ಪ್ರಯೋಜನ ಪಡೆದವರ ಸಂಖ್ಯೆ ತೀರ ಅಲ್ಪ. 1975ರಲ್ಲಿ ಡಿ. ಆರ್. ಮೆಹ್ತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದ ಬಳಿಕ ಚಿತ್ರ ಬದಲಾಯಿತು. ಮೆಹ್ತಾ ಅವರು ಆಡಳಿತ ಸೇವೆಯ ಅಧಿಕಾರಿಗಳು. 1969ರಲ್ಲಿ ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಳ್ಳುವ ಸ್ಥಿತಿಗೆ ತಲುಪಿ ಚೇತರಿಸಿಕೊಂಡವರು. ಮುಂದೆ 1995ರಿಂದ 2002ರವರೆಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಅಧ್ಯಕ್ಷರಾಗಿ ನಮ್ಮ ವಾಣಿಜ್ಯ ವಲಯಕ್ಕೂ ಪರಿಚಿತರಾದರು.

ಅವರು ಹೊಸ ಪಾದವನ್ನೇನೂ ಕಂಡುಹಿಡಿಯಲಿಲ್ಲ. ರೋಗಿ ಬರುವ ದಾರಿಯಲ್ಲಿದ್ದ ತೊಡಕುಗಳನ್ನು ತೆಗೆದುಹಾಕಿದರು. ದೂರದ ಹಳ್ಳಿಯಿಂದ ಬಂದವರನ್ನು ಯಾವ ಹೊತ್ತಿನಲ್ಲಿ ಬಂದರೂ ಸೇರಿಸಿಕೊಳ್ಳುವುದು, ಜೊತೆಗೆ ಬಂದವರಿಗೂ ಊಟ ವಸತಿ ಒದಗಿಸುವುದು, ಸಾಧ್ಯವಾದಷ್ಟೂ ಅದೇ ಭೇಟಿಯಲ್ಲಿ ಅವಯವ ಜೋಡಿಸಿ ಕಳುಹಿಸುವುದು, ಇದಕ್ಕೆಲ್ಲ ಹಣ ಪಡೆಯದಿರುವುದು ಈ ಸಮಿತಿಯ ಕಾರ್ಯಪದ್ಧತಿ. ಕೂಲಿಯವನಿಗೆ ಮೂರು ಬಾರಿ ಅಲೆಯುವುದೆಂದರೆ ಮೂರು ಬಾರಿ ದಿನಗೂಲಿ ಕಳೆದುಕೊಂಡಂತೆ ಎಂಬುದನ್ನು ಅರಿತು ರೂಪಿಸಿದ ವ್ಯವಸ್ಥೆಯಿದು. ಕರುಣೆಯನ್ನು ಕಾರ್ಯವಿಧಾನವಾಗಿ ಪರಿವರ್ತಿಸುವುದು ನಾಯಕತ್ವದ ಮೊದಲ ಗುಣ ಎಂಬುದು ಇಲ್ಲಿನ ಪಾಠ.

ಬರ್ಕ್ಲಿಯ ನಿದರ್ಶನ: ಸೇವೆ ಪಡೆಯುವವರೇ ನಾಯಕರು

ಅಮೆರಿಕದ ಎಡ್ ರಾಬರ್ಟ್ಸ್ ಅವರಿಗೆ 1953ರಲ್ಲಿ, 14ನೆಯ ವಯಸ್ಸಿನಲ್ಲಿ, ಪೋಲಿಯೊ ತಗುಲಿ ಕತ್ತಿನಿಂದ ಕೆಳಗೆ ದೇಹದ ಬಹುಭಾಗ ಸ್ವಾಧೀನ ತಪ್ಪಿತು. ಉಸಿರಾಟಕ್ಕೂ ಯಂತ್ರದ ಆಸರೆ ಬೇಕಾಯಿತು. ಉನ್ನತ ಶಿಕ್ಷಣಕ್ಕೆ ನೆರವು ಕೋರಿದಾಗ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಯು, ಇವರು ಯಾವ ಉದ್ಯೋಗಕ್ಕೂ ಅರ್ಹರಾಗಲಾರರು ಎಂಬ ಕಾರಣ ನೀಡಿ ಮೊದಲು ನಿರಾಕರಿಸಿತು. ಆದರೂ 1962ರಲ್ಲಿ ಅವರು ಬರ್ಕ್ಲಿಯ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿನ ವಿಕಲಚೇತನ ವಿದ್ಯಾರ್ಥಿಗಳ ಹೋರಾಟದ ಫಲವಾಗಿ 1972ರಲ್ಲಿ ಸ್ವತಂತ್ರ ಜೀವನ ಕೇಂದ್ರವು ಜನ್ಮತಾಳಿತು. ಅದನ್ನು ಮುನ್ನಡೆಸಿದವರಲ್ಲಿ ರಾಬರ್ಟ್ಸ್ ಪ್ರಮುಖರು. ಸಹಾಯಕರನ್ನು ಹುಡುಕಿಕೊಡುವುದು, ಗಾಲಿಕುರ್ಚಿ ದುರಸ್ತಿ ಮಾಡುವುದು, ಅನುಕೂಲವಾದ ಬಾಡಿಗೆ ಮನೆ ತೋರಿಸುವುದು ಮುಂತಾದವು ಆ ಕೇಂದ್ರದ ಕೆಲಸಗಳಾಗಿದ್ದವು. ನಿತ್ಯ ಜೀವನದಲ್ಲಿ ಯಾವುದು ಬೇಕು ಎಂಬುದನ್ನು ಅದರ ಕೊರತೆಯನ್ನು ಅನುಭವಿಸಿದವರೇ ನಿರ್ಧರಿಸಿದ್ದರಿಂದ ಅವು ಉಪಯುಕ್ತವಾದವು. 1975ರಲ್ಲಿ ಅದೇ ಪುನರ್ವಸತಿ ಇಲಾಖೆಗೆ ರಾಬರ್ಟ್ಸ್ ಅವರೇ ನಿರ್ದೇಶಕರಾಗಿ ನೇಮಕಗೊಂಡರು.

ಇಂದು ಅಮೆರಿಕದಲ್ಲಿ ಸಂಯುಕ್ತ ಸರ್ಕಾರದ ಅನುದಾನ ಪಡೆಯುವ ಇಂತಹ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ವಿಕಲಚೇತನರೇ ಬಹುಸಂಖ್ಯಾತರಾಗಿರಬೇಕೆಂಬ ಕಾನೂನಿದೆ. "ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ತೀರ್ಮಾನ ಬೇಡ" ಎಂಬುದು ಜಗತ್ತಿನಾದ್ಯಂತ ವಿಕಲಚೇತನರ ಚಳವಳಿಯ ಘೋಷಣೆಯಾಗಿದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿ, 2007ರಲ್ಲಿ ಭಾರತ ಅನುಮೋದಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯೂ ಈ ತತ್ವವನ್ನೇ ಎತ್ತಿಹಿಡಿಯುತ್ತದೆ.

ನಮ್ಮ ನಾಡಿನಲ್ಲಿ

ಇದಕ್ಕಾಗಿ ದೂರ ಹೋಗಬೇಕಾದ್ದೂ ಇಲ್ಲ. ಬರ್ಕ್ಲಿಯ ಕೇಂದ್ರಕ್ಕಿಂತ ಮೊದಲೇ, 1959ರಲ್ಲಿ, ಸ್ವತಃ ಅಂಗವೈಕಲ್ಯವಿದ್ದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಇಂದು ಎ.ಪಿ.ಡಿ. ಎಂದು ಹೆಸರಾದ ಸಂಸ್ಥೆಯನ್ನು ಸ್ಥಾಪಿಸಿದರು. ಲಿಂಗರಾಜಪುರದ ಆ ಸಂಸ್ಥೆ ಶಿಕ್ಷಣ, ವೃತ್ತಿ ತರಬೇತಿಗಳ ಜೊತೆಗೆ ತೋಟಗಾರಿಕೆ ತರಬೇತಿಗೂ ಪ್ರಸಿದ್ಧವಾಗಿದೆ. 1997ರಲ್ಲಿ ಆರಂಭವಾದ ಸಮರ್ಥನಂ ಸಂಸ್ಥೆಯ ಸ್ಥಾಪಕರಾದ ಜಿ. ಕೆ. ಮಹಾಂತೇಶ್ ಅವರು ದೃಷ್ಟಿದೋಷವುಳ್ಳವರು. ಅಂಧರ ಕ್ರಿಕೆಟ್ಟಿಗೆ ದೇಶದಲ್ಲಿ ನೆಲೆ ಒದಗಿಸುವುದರಲ್ಲಿಯೂ ಆ ಸಂಸ್ಥೆಯ ಪಾತ್ರ ದೊಡ್ಡದು. ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯ ಕ್ರೀಡಾಪಟುವಾಗಿ ಕೀರ್ತಿ ಪಡೆದು, ಮಾತೃ ಪ್ರತಿಷ್ಠಾನದ ಮೂಲಕ ವಿಕಲಚೇತನ ಮಕ್ಕಳಿಗೆ ಆಶ್ರಯ ನೀಡಿದವರು.

ಈ ನಿದರ್ಶನಗಳ ಅರ್ಥ ವಿಕಲಚೇತನರಲ್ಲದವರು ನಾಯಕರಾಗಬಾರದೆಂದಲ್ಲ. ತೀರ್ಮಾನ ಕೈಗೊಳ್ಳುವ ಮೇಜಿನ ಸುತ್ತ ಅನುಭವಿಗಳು ಇರಬೇಕು, ಅಲಂಕಾರಕ್ಕಾಗಿ ಅಲ್ಲ, ಮತಾಧಿಕಾರದೊಂದಿಗೆ. ಮಂಡಳಿಯಲ್ಲಿ ಒಬ್ಬ ಅಂಧ ಸದಸ್ಯರಿದ್ದರೆ ಸಭೆಯ ಕಾಗದಪತ್ರಗಳು ಅವರು ಓದಬಲ್ಲ ರೂಪದಲ್ಲಿ ಮುಂಚಿತವಾಗಿ ತಲುಪಬೇಕು. ಶ್ರವಣದೋಷವುಳ್ಳವರಿದ್ದರೆ ಸಂಜ್ಞಾಭಾಷೆಯ ದುಭಾಷಿ ಇರಬೇಕು. ಇಲ್ಲವಾದರೆ ಆ ಸದಸ್ಯತ್ವ ಕೇವಲ ಹೆಸರಿಗೆ ಮಾತ್ರ.

ಆಡಳಿತ ಮಂಡಳಿಯ ನಾಲ್ಕು ಕರ್ತವ್ಯಗಳು

1. ಉತ್ತರಾಧಿಕಾರದ ಸಿದ್ಧತೆ: ಸ್ಥಾಪಕರ ತ್ಯಾಗವೇ ಸಂಸ್ಥೆಯ ಬಂಡವಾಳ, ಅದುವೇ ಅದರ ದೌರ್ಬಲ್ಯವೂ ಆಗಬಲ್ಲದು. ಪರ್ಯಾಯ ಸಹಿದಾರರು, ಕಾರ್ಯದರ್ಶಿಯ ಗೈರುಹಾಜರಿಯಲ್ಲಿ ಹೊಣೆ ಹೊರುವವರು ಯಾರೆಂಬ ಲಿಖಿತ ನಿರ್ಣಯ, ಪದಾಧಿಕಾರಿಗಳ ಅವಧಿಗೆ ಮಿತಿ ಇವು ಮೂರೂ ಸ್ಥಾಪಕರು ಆರೋಗ್ಯವಾಗಿರುವಾಗಲೇ ಆಗಬೇಕು. ಇದು ಅವರ ಮೇಲಿನ ಅವಿಶ್ವಾಸವಲ್ಲ, ಅವರ ಕೆಲಸ ಅವರ ನಂತರವೂ ಬಾಳಲೆಂಬ ಗೌರವ.

2. ಹಣಕಾಸಿನ ಶಿಸ್ತು: ನಿರ್ದಿಷ್ಟ ಉದ್ದೇಶಕ್ಕೆ ಬಂದ ಹಣವನ್ನೂ ಸಾಮಾನ್ಯ ನಿಧಿಯನ್ನೂ ಬೇರೆಯಾಗಿಯೇ ಇಡತಕ್ಕದ್ದು. ಕಟ್ಟಡಕ್ಕೆ ಬಂದ ಹಣದಿಂದ ಸಂಬಳ ಕೊಟ್ಟು ಮುಂದೆ ತುಂಬಿಸಿದರಾಯಿತು ಎಂಬ ಧೋರಣೆ ಅಪಾಯಕಾರಿ. ಉದ್ದಿಮೆಗೆ ದುಡಿಯುವ ಬಂಡವಾಳ ಇರುವಂತೆ, ಸೇವಾ ಸಂಸ್ಥೆಗೂ ಕನಿಷ್ಠ ಮೂರರಿಂದ ಆರು ತಿಂಗಳ ವೆಚ್ಚಕ್ಕೆ ಸಾಲುವ ಮೀಸಲು ನಿಧಿ ಇರುವುದು ಕ್ಷೇಮ. ಒಬ್ಬನೇ ದಾನಿಯನ್ನು ನಂಬಿಕೊಂಡ ಸಂಸ್ಥೆ ಒಬ್ಬನೇ ಗಿರಾಕಿಯನ್ನು ನಂಬಿಕೊಂಡ ಕಾರ್ಖಾನೆಯಂತೆ.

3. ಕಾನೂನಿನ ಪಾಲನೆ: 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ ವಿಕಲಚೇತನರಿಗಾಗಿ ನಡೆಸುವ ಸಂಸ್ಥೆಗಳು ನೋಂದಣಿ ಪಡೆಯುವುದು ಅಗತ್ಯ. ತೆರಿಗೆ ವಿನಾಯಿತಿಯ ನೋಂದಣಿಯೂ 2021ರ ಬಳಿಕ ಕಾಲಮಿತಿಗೆ ಒಳಪಟ್ಟಿದ್ದು, ನವೀಕರಣದ ದಿನಾಂಕ ತಪ್ಪಿದರೆ ದಾನಿಗಳಿಗೂ ಸಂಸ್ಥೆಗೂ ನಷ್ಟ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಪಡೆಯಲು 1 ಏಪ್ರಿಲ್ 2021ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಪ್ರತ್ಯೇಕ ನೋಂದಣಿ ಕಡ್ಡಾಯವಾಗಿದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿಯು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಈ ಎಲ್ಲ ದಿನಾಂಕಗಳ ಪಟ್ಟಿ ಪ್ರತಿ ಸಭೆಯಲ್ಲಿಯೂ ಮಂಡನೆಯಾಗಬೇಕು.

4. ಫಲಿತಾಂಶದ ಪರಿಶೀಲನೆ ಮತ್ತು ದೂರು ಆಲಿಸುವಿಕೆ: ಎಷ್ಟು ಮಂದಿಗೆ ತರಬೇತಿ ನೀಡಲಾಯಿತು ಎಂಬುದಕ್ಕಿಂತ, ಅವರಲ್ಲಿ ಎಷ್ಟು ಮಂದಿ ಒಂದು ವರ್ಷದ ನಂತರವೂ ಉದ್ಯೋಗದಲ್ಲಿದ್ದಾರೆ ಎಂಬುದು ಮುಖ್ಯ. ವಸತಿ ಶಾಲೆಯ ಮಗು ತನ್ನ ಕಷ್ಟವನ್ನು ತನ್ನದೇ ಭಾಷೆಯಲ್ಲಿ, ಸಿಬ್ಬಂದಿಯ ಭಯವಿಲ್ಲದೆ, ಮಂಡಳಿಯ ಸದಸ್ಯರೊಬ್ಬರಿಗೆ ತಿಳಿಸುವ ಮಾರ್ಗ ಇರಲೇಬೇಕು.

ಉದ್ಯೋಗದಾತರಾಗಿ ನಮ್ಮ ಪಾತ್ರ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಆ ಗಣತಿ ನಡೆದದ್ದು 1995ರ ಕಾಯಿದೆ ಜಾರಿಯಲ್ಲಿದ್ದಾಗ. 2016ರ ಅಧಿನಿಯಮವು ವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ ಹೆಚ್ಚಿಸಿದೆ. ಈ ಅಧಿನಿಯಮ ಖಾಸಗಿ ಸಂಸ್ಥೆಗಳಿಗೂ ಸಂಬಂಧಿಸಿದ್ದೆಂಬುದನ್ನು ನಮ್ಮ ಸದಸ್ಯರು ಗಮನಿಸಬೇಕು. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸತಕ್ಕದ್ದು. 20 ಅಥವಾ ಹೆಚ್ಚು ನೌಕರರಿರುವಲ್ಲಿ ಆ ನೀತಿ ವಿವರವಾಗಿದ್ದು, ಸಂಪರ್ಕಾಧಿಕಾರಿಯೊಬ್ಬರ ನೇಮಕವೂ ಆಗಬೇಕು. ಒಟ್ಟು ನೌಕರರಲ್ಲಿ ಕನಿಷ್ಠ ಶೇ. 5ರಷ್ಟು ವಿಕಲಚೇತನರಿರುವಂತೆ ಖಾಸಗಿ ಉದ್ಯೋಗದಾತರಿಗೆ ಸರ್ಕಾರವು ಪ್ರೋತ್ಸಾಹ ನೀಡಬೇಕೆಂದೂ ಅದು ಹೇಳುತ್ತದೆ. ಸೇವಾ ಸಂಸ್ಥೆಗೆ ಒಂದು ಲಕ್ಷ ರೂಪಾಯಿ ದೇಣಿಗೆ ಕೊಟ್ಟು, ಅಲ್ಲಿ ತರಬೇತಿ ಪಡೆದವರಿಗೆ ತನ್ನ ಕಾರ್ಖಾನೆಯ ಬಾಗಿಲನ್ನು ಮುಚ್ಚಿಡುವ ಧರ್ಮದರ್ಶಿಯು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ.

ಉಪಸಂಹಾರ

ಆರಂಭದಲ್ಲಿ ಹೇಳಿದ ಶಾಲೆ ಮುಚ್ಚಲಿಲ್ಲ. ಬಾಕಿಯಿದ್ದ ಪಟ್ಟಿಗಳನ್ನು ದಂಡ ತೆತ್ತು ಸಲ್ಲಿಸಿ, ಪರ್ಯಾಯ ಸಹಿದಾರರನ್ನು ನೇಮಿಸಿ, ದಿನಸಿ ಅಂಗಡಿಯ ಸಾಲವನ್ನು ಮೊದಲು ತೀರಿಸಿದೆವು. ಆ ಪ್ರಶ್ನೆ ಕೇಳಿದ ಹಳೆಯ ವಿದ್ಯಾರ್ಥಿಯನ್ನೂ ಇನ್ನೊಬ್ಬರನ್ನೂ ಮಂಡಳಿಗೆ ಆರಿಸಲಾಯಿತು. ಅವರು ಸೂಚಿಸಿದ ಮೊದಲ ಬದಲಾವಣೆ ಯಾವುದೆಂದರೆ, ರಾತ್ರಿ ವಿದ್ಯುತ್ ಹೋದಾಗ ಮಕ್ಕಳ ಮಲಗುವ ಕೋಣೆಯಲ್ಲಿ ತಾನಾಗಿ ಉರಿಯುವ ದೀಪ. ಕತ್ತಲಾದರೆ ಕೈಸನ್ನೆ ಕಾಣದೆ ಆ ಮಕ್ಕಳ ಮಾತೇ ನಿಂತುಹೋಗುತ್ತದೆ. ಎಂಟು ವರ್ಷ ಲೆಕ್ಕ ನೋಡಿದ ನನಗೆ ಇದು ಹೊಳೆದಿರಲಿಲ್ಲ.

ಸದಸ್ಯರು ತಾವು ಸೇವೆ ಸಲ್ಲಿಸುತ್ತಿರುವ ಸಂಸ್ಥೆಯ ಮುಂದಿನ ಸಭೆಯಲ್ಲಿ ಈ ಕೆಳಗಿನ ಪ್ರಶ್ನೆಗಳನ್ನು ಮಂಡಿಸಬೇಕೆಂದು ವಿನಂತಿ:

1. ನಮ್ಮ ಕಾರ್ಯದರ್ಶಿಗಳು ನಾಳೆಯಿಂದ ಮೂರು ತಿಂಗಳು ಬಾರದಿದ್ದರೆ ಸಂಬಳ ಹಾಗೂ ಊಟದ ವ್ಯವಸ್ಥೆ ನಡೆಯುವುದೇ?
2. ನಮ್ಮ ಮಂಡಳಿಯಲ್ಲಿ ಮತಾಧಿಕಾರವುಳ್ಳ ವಿಕಲಚೇತನರು ಎಷ್ಟು ಮಂದಿ?
3. ಸೇವೆ ಪಡೆಯುವವರಿಂದ ಕಳೆದ ವರ್ಷ ಬಂದ ದೂರುಗಳೆಷ್ಟು? ಒಂದೂ ಇಲ್ಲವಾದರೆ, ದೂರು ಹೇಳುವ ದಾರಿಯಿದೆಯೇ?
4. ಇಲ್ಲಿ ತರಬೇತಿ ಪಡೆದವರಲ್ಲಿ ಎಷ್ಟು ಮಂದಿಗೆ ನಮ್ಮ ನಮ್ಮ ಉದ್ದಿಮೆಗಳಲ್ಲಿ ಕೆಲಸ ಕೊಟ್ಟಿದ್ದೇವೆ?